ಎರಡು ಗೀರುಗಳ ನಡುವೆ

ಗಾಜಿನ ಮೇಜಿನ ಕೆಳಗೆ ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ಹರಡಿದ ಬಿಳಿ ಬಟ್ಟೆಗೆ ಭೂತಗನ್ನಡಿ ಒತ್ತಿ ಹಿಡಿದು, ಪುಟ್ಟಿ ಸೂಜಿಯ ಮೊನೆಯಿಂದ ಒಂದೊಂದೇ ಎಳೆಯನ್ನು ಮುಟ್ಟಿ ಎಣಿಸುತ್ತಿದ್ದಳು. ಇಟ್ಟ ಹೆಸರು ಬೇರೆ ಇದ್ದರೂ ಮನೆಯಲ್ಲಿ ಪುಟ್ಟಿಯೇ ಉಳಿದುಕೊಂಡಿತ್ತು. ವಯಸ್ಸು ಮೂವತ್ತು ದಾಟಿತ್ತು. ಭೌತವಿಜ್ಞಾನ ಓದಿ ಈ ಬಟ್ಟೆ ಗಿರಣಿಯ ಪರೀಕ್ಷಾ ಕೋಣೆಗೆ ಸೇರಿದ್ದಳು. ಅವಳು ಎಣಿಸುವಾಗ ಯಾರೂ ಮಾತಾಡಿಸುತ್ತಿರಲಿಲ್ಲ. ಇವತ್ತಂತೂ ಬಾಗಿಲ ಬಳಿ ಬಂದವರು ಅವಳ ಬೆನ್ನು ನೋಡಿಯೇ ಹಿಂದಿರುಗುತ್ತಿದ್ದರು. ಈ ಎಣಿಕೆಯ ಮೇಲೆ ಅವಳ ಅತ್ತಿಗೆಯ ಮಗ್ಗ ನಿಂತಿದೆ ಎಂಬುದು ಗಿರಣಿಗೆಲ್ಲ ಗೊತ್ತಿತ್ತು.

ಅದು ಔಷಧದ ಕಾರ್ಖಾನೆಗಳಿಗೆ ಹೋಗುವ ಸೋಸು ಬಟ್ಟೆ. ಅದನ್ನು ನೇಯುವುದು ಕೊನೆಯ ಸಾಲಿನ ಒಂದೇ ಒಂದು ಮಗ್ಗ, ಅದೂ ಹಗಲು ಪಾಳಿಯಲ್ಲಿ ಮಾತ್ರ. ನಡೆಸುವವಳು ಪುಟ್ಟಿಯ ಅಣ್ಣನ ಹೆಂಡತಿ. ಕೆಲವು ವಾರಗಳಿಂದ ಆ ಬಟ್ಟೆಯಲ್ಲಿ ಅಡ್ಡಲಾಗಿ ಒಂದು ಗೀರು ಕಾಣಿಸಿಕೊಳ್ಳುತ್ತಿತ್ತು. ಹೊಕ್ಕಿನ, ಅಂದರೆ ಅಡ್ಡಲಾಗಿ ಓಡುವ, ಎರಡು ಎಳೆಗಳು ಒಂದರ ಬೆನ್ನ ಮೇಲೊಂದು ಹತ್ತಿ ಕೂತಂತೆ, ಕೂದಲಿನಷ್ಟು ಸಣ್ಣ ದಪ್ಪ ಗೆರೆ. ಒಂದು ದಿನ ಬೆಳಿಗ್ಗೆ ಬರುತ್ತಿತ್ತು, ಇನ್ನೊಂದು ದಿನ ಪಾಳಿ ಮುಗಿಯುವ ಹೊತ್ತಿಗೆ. ಕೆಲವು ದಿನ ಬರುತ್ತಲೇ ಇರಲಿಲ್ಲ.

ಹೀಗೆ ಹೊತ್ತುಗೊತ್ತಿಲ್ಲದೆ ಬರುವುದು ಕೈಯ ತಪ್ಪೇ ಹೊರತು ಯಂತ್ರದ್ದಲ್ಲ ಎಂದು ಸಾಲಿನ ಉಸ್ತುವಾರಿ ನೋಡುವ ಜಾಬರ್ ವಾದಿಸಿದ. ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆ ಮುಗಿದಾಗಲೆಲ್ಲ ಮಗ್ಗ ನಿಲ್ಲಿಸಿ ಹೊಸ ಕಂಡಿಕೆ ಹಾಕಬೇಕು. ಮತ್ತೆ ಹೊರಡಿಸುವ ಮುಂಚೆ ಬಟ್ಟೆಯನ್ನು ಒಂದೆಳೆಯಷ್ಟು ಹಿಂದಕ್ಕೆ ಬಿಡಬೇಕು. ಬಿಡದಿದ್ದರೆ ಗೀರು ಬೀಳುತ್ತದೆ. ಆಯಮ್ಮನ ಗಮನ ಎಲ್ಲೋ ಇರುತ್ತದೆ ಎಂದು ಅವನು ಹೇಳಿಕೊಂಡು ತಿರುಗಿದ. ಗೀರು ಬಿದ್ದ ಹೊತ್ತಿನಲ್ಲಿ ಮಗ್ಗ ನಿಂತೇ ಇರಲಿಲ್ಲ ಎಂದು ಅತ್ತಿಗೆ. ನೋಡಿದವರು ಯಾರೂ ಇರಲಿಲ್ಲ. ಕೊನೆಗೆ ಪರೀಕ್ಷಾ ಕೋಣೆಯ ವರದಿ ಬರಲಿ ಎಂದಾಯಿತು. ಚಕ್ರಗಳ ದೋಷವಾದರೆ ಚಕ್ರ ಬದಲಾಗುತ್ತದೆ. ಕೈಯದಾದರೆ ಅತ್ತಿಗೆ ಮಗ್ಗ ಬಿಟ್ಟು, ಹಿಂಬದಿಯ ಶೆಡ್ಡಿನಲ್ಲಿ ಹರಿದ ನೂಲು ಹೆಕ್ಕುವ ಕೆಲಸಕ್ಕೆ ಹೋಗಬೇಕು.

ಪರೀಕ್ಷಾ ಕೋಣೆಯ ಮುಖ್ಯಸ್ಥರನ್ನು ಎಲ್ಲರೂ ಬೆನ್ನ ಹಿಂದೆ ಮೈಕ್ರೋಮೀಟರ್ ಎನ್ನುತ್ತಿದ್ದರು. ಊಟದ ಡಬ್ಬಿಯ ಮುಚ್ಚಳ ಸಮನಾಗಿ ಕೂತಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವ ಮನುಷ್ಯ. ಕೆಲಸವನ್ನು ಪುಟ್ಟಿಗೆ ಒಪ್ಪಿಸುವಾಗ, “ನಿಮ್ಮ ಅತ್ತಿಗೆ ಅಂತ ಗೊತ್ತಿದ್ದೇ ಕೊಡ್ತಿದ್ದೀನಮ್ಮ. ಸಂಖ್ಯೆಗೆ ನೆಂಟಸ್ತಿಕೆ ಇರಲ್ಲ,” ಎಂದಿದ್ದರು.

ಪುಟ್ಟಿಯ ಯೋಚನೆ ಸರಳವಾಗಿತ್ತು. ಆ ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ಎಳೆದುಕೊಳ್ಳುವುದು ಒಂದಕ್ಕೊಂದು ಕಚ್ಚಿಕೊಂಡ ಮೂರು ಹಲ್ಲಿನ ಚಕ್ರಗಳು. ಅವಕ್ಕೆ ಕ್ರಮವಾಗಿ 43, 47, 53 ಹಲ್ಲು. ಒಂದು ಎಳೆ ಬಿದ್ದರೆ ಮೂರೂ ಒಂದೊಂದು ಹಲ್ಲು ಮುಂದೆ ಸರಿಯುತ್ತವೆ. ಕಂಡಿಕೆ ಬದಲಿಸುವಾಗ ಸಡಿಲಿಸುವುದು ಬಟ್ಟೆಯನ್ನಷ್ಟೇ, ಚಕ್ರಗಳು ಅಲುಗುವುದಿಲ್ಲ. ಹಾಗಾಗಿ ಚಕ್ರದಿಂದ ಹುಟ್ಟಿದ ಗೀರು ಆ ಚಕ್ರದ ಹಲ್ಲಿನ ಲೆಕ್ಕಕ್ಕೆ ಕಟ್ಟುಬಿದ್ದಿರಲೇಬೇಕು. ಎರಡು ಗೀರುಗಳ ನಡುವೆ ಎಷ್ಟು ಎಳೆ ಎಂದು ಎಣಿಸಿ ಆ ಸಂಖ್ಯೆಯನ್ನು ಬಿಡಿಸಿ ನೋಡಿದರೆ, ಒಳಗೆ ಯಾವ ಚಕ್ರವಿದೆ ಎಂಬುದು ಹೊರಬೀಳುತ್ತದೆ. ಇದಕ್ಕಾಗಿ ಮಗ್ಗಕ್ಕೆ ಒಂದು ಕೌಂಟರ್ ಕಟ್ಟಿಸಿದ್ದಳು. ಅದು ಸಾವಿರ ಎಳೆಗೊಮ್ಮೆ ಬಟ್ಟೆಯ ಅಂಚಿಗೆ ನೀಲಿ ಚುಕ್ಕಿ ಇಡುತ್ತಿತ್ತು. ಸಾವಿರಗಳನ್ನು ಚುಕ್ಕಿಗಳು ಹೇಳುತ್ತಿದ್ದವು. ಎರಡೂ ತುದಿಗಳ ಚಿಲ್ಲರೆ ಎಳೆಗಳನ್ನು ಮಾತ್ರ ಕಣ್ಣಿನಿಂದ ಎಣಿಸಬೇಕಿತ್ತು.

ಒಟ್ಟು 1,07,114 ಬಂತು. ಅದನ್ನು ತುಂಡು ಮಾಡತೊಡಗಿದಾಗ ಅವಳಿಗೆ ಹಳೆಯ ಹುರುಪು ಮರಳಿತು. ಸಮಸಂಖ್ಯೆ, ಎರಡರಿಂದ ಹೋಯಿತು. ಉಳಿದ 53,557 ಏಳರಿಂದ ಹೋಯಿತು, ಬಂದದ್ದು ಇನ್ನೊಮ್ಮೆ ಏಳರಿಂದಲೇ ಹೋಯಿತು. ಕೊನೆಗೆ 1,093. ಅದನ್ನು ಹನ್ನೊಂದು, ಹದಿಮೂರು, ಹದಿನೇಳು ಎನ್ನುತ್ತ ಮೂವತ್ತೊಂದರವರೆಗೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿದಳು. ಯಾವುದಕ್ಕೂ ಬಗ್ಗಲಿಲ್ಲ. ಮೂವತ್ತಮೂರರ ವರ್ಗವೇ 1,089, ಅದರಾಚೆ ಹುಡುಕಬೇಕಾಗಿರಲಿಲ್ಲ. 1,093 ತಾನೇ ಒಂದು ಅವಿಭಾಜ್ಯ. ಸಾವಿರದ ತೊಂಬತ್ತಮೂರು ಹಲ್ಲಿನ ಚಕ್ರ ಆ ಮಗ್ಗದಲ್ಲಿರಲಿ, ಇಡೀ ಗಿರಣಿಯಲ್ಲೂ ಇರಲಿಲ್ಲ.

ಈ ಅಂತರಕ್ಕೂ ಚಕ್ರಗಳಿಗೂ ಸಂಬಂಧ ಕಾಣುವುದಿಲ್ಲ ಎಂದು ಬರೆದು ಸಹಿ ಹಾಕುವಾಗ ಅವಳು ಎರಡನೇ ಸಲ ಯೋಚಿಸಲಿಲ್ಲ. ಯೋಚಿಸಲಿಲ್ಲವಲ್ಲ ಎಂಬುದೇ ಬಸ್ಸಿನಲ್ಲಿ ಕೂತ ಮೇಲೆ ಚುಚ್ಚತೊಡಗಿತು.

ಅವಳಿಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ವಾರ ಕಳೆದ ಮೇಲೆ ಶೆಡ್ಡಿಗೆ ಹೋಗಲು ಸಿದ್ಧವಾಗಿರಬೇಕೆಂದು ಜಾಬರ್ ಅತ್ತಿಗೆಗೆ ಹೇಳಿಯಾಗಿತ್ತು. ಅಡುಗೆಮನೆಯಲ್ಲಿ ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ಹಲಗೆಗೆ ತಾಗುವ ಸದ್ದು ಒಂದೇ ಸಮ ಬರುತ್ತಿತ್ತು. ಬೀಗ ರಿಪೇರಿಯ ಅಂಗಡಿ ಮುಚ್ಚಿ ಬಂದಿದ್ದ ಅಣ್ಣ ಬೆರಳಿನ ಎಣ್ಣೆ ಒರೆಸಿಕೊಳ್ಳುತ್ತ, ಇಬ್ಬರ ನಡುವೆ ಎಲ್ಲಿ ನಿಲ್ಲುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದ. ತಮಾಷೆ ಮಾಡಿದರೆ ಹಗುರಾಗಬಹುದು ಎಂದುಕೊಂಡ ಅಂತ ಕಾಣುತ್ತದೆ.

“ಸಾವಿರದ ತೊಂಬತ್ತಮೂರಂತೆ. ಅದ್ಯಾರು ಪುಟ್ಟಿ, ನಮ್ಮ ನೆಂಟರಾ?”

“ನೆಂಟರಾಗಿದ್ರೆ ನನ್ನ ಪರವಾಗಿ ಒಂದು ಮಾತಾದ್ರೂ ಆಡ್ತಿದ್ರು ಬಿಡಿ,” ಎಂದಳು ಅತ್ತಿಗೆ, ತಲೆ ಎತ್ತದೆ.

ಪುಟ್ಟಿ ವಿವರಿಸಲು ಹೋದಳು. ತಾನು ಯಾರ ಮೇಲೂ ತಪ್ಪು ಹೊರಿಸಿಲ್ಲ, ಚಕ್ರ ಕಾರಣವಲ್ಲ ಎಂದಷ್ಟೇ ಬರೆದಿದ್ದೇನೆ ಎಂದಳು. ಚಕ್ರ ಅಲ್ಲ ಅಂದರೆ ಮತ್ಯಾರು, ಮಗ್ಗದ ಹತ್ತಿರ ಇನ್ಯಾರಿದ್ದಾರೆ ಎಂದು ಅತ್ತಿಗೆ ಕೇಳಿದಳು. ಅತ್ತಿಗೆ ಚಾಕು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿಯ ಕಣ್ಣೀರೇ ಇರಬೇಕು. ದನಿ ಗಟ್ಟಿಯಾಗಿಯೇ ಇತ್ತು.

“ನಿನ್ನ ಲೆಕ್ಕ ತಪ್ಪು ಅನ್ನೋಕೆ ನಾನು ಅಷ್ಟು ಓದಿಲ್ಲ ಪುಟ್ಟಿ. ಆದ್ರೆ ನನ್ನ ಕೈ ನಂಗೆ ಗೊತ್ತು. ನೀನು ಹೇಳೋದೂ ನಿಜ, ನಾನು ಹೇಳೋದೂ ನಿಜ, ಹಂಗಿರೋಕಾಗುತ್ತಾ?”

“ಆಗಲ್ಲ ಅತ್ತಿಗೆ.”

“ಹಂಗಾದ್ರೆ ಇಬ್ಬರಲ್ಲಿ ಒಬ್ಬರು ಸುಳ್ಳು. ಊಟಕ್ಕೆ ಬಾ.”

ಮರುದಿನದಿಂದ ಪುಟ್ಟಿಗೆ ಎಲ್ಲಿ ಕೂತರೂ ಕೂತಂತಾಗಲಿಲ್ಲ. ಕಣ್ಣಿಗೆ ಬಿದ್ದ ಸಂಖ್ಯೆಯನ್ನೆಲ್ಲ ಮನಸ್ಸು ಬಿಡಿಸತೊಡಗಿತು. ಬಸ್ಸಿನ ಹಣೆಯ ಮೇಲಿನದು ಮೂರರಿಂದ ಹೋಗುತ್ತದೆ. ಎದುರು ಮನೆಯ ಬಾಗಿಲಿನದು ಅವಿಭಾಜ್ಯ. ಗೇಟಿನ ಕಾವಲುಗಾರ ಹಾಜರಿ ಬಿಲ್ಲೆ ಕೊಟ್ಟಾಗ, ಅದರ ಮೇಲಿನ ಅಂಕಿಯನ್ನು ಹದಿಮೂರರಿಂದ ಭಾಗಿಸುತ್ತ ಅಲ್ಲೇ ನಿಂತುಬಿಟ್ಟಳು. ಹಿಂದಿನವರು, ಮೇಡಂ ಸ್ವಲ್ಪ ದಾರಿ ಬಿಡಿ, ಎನ್ನಬೇಕಾಯಿತು. ಕೋಣೆಯಲ್ಲಿ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕಿಟಕಿಗೆ ಹೋಗುವಳು. ಅಂಗಳದಾಚೆ ನೇಯ್ಗೆಯ ಸಾಲು, ಅದರ ಕೊನೆಯಲ್ಲಿ ಅತ್ತಿಗೆಯ ತಲೆವಸ್ತ್ರ. ನೋಡಿ ಹಿಂದೆ ಬರುವಳು, ಮತ್ತೆ ಹೋಗುವಳು. ಏನೋ ತಪ್ಪಿದೆ ಅನ್ನಿಸುತ್ತಿತ್ತು. ಆದರೆ ಅದು ಲೆಕ್ಕದಲ್ಲಿದೆಯೋ, ತನ್ನ ಮನಸ್ಸು ಅತ್ತಿಗೆಯ ಕಡೆ ವಾಲುತ್ತಿದೆಯೋ ತಿಳಿಯುತ್ತಿರಲಿಲ್ಲ.

ಈ ನಡುವೆ ಮಗ್ಗದಿಂದ ಮುಂದಿನ ಸುರುಳಿ ಬಂತು. ಅದರಲ್ಲಿ ಮೂರನೆಯ ಗೀರಿತ್ತು. ವರದಿ ಕೊಟ್ಟಾಗಿತ್ತಾದ್ದರಿಂದ ಎಣಿಸಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ಎಣಿಸಿದಳು. ಎರಡನೆಯದರಿಂದ ಮೂರನೆಯದಕ್ಕೆ ಮತ್ತೆ 1,07,114. ಕೈಯ ತಪ್ಪಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ಮರೆಯುವ ಮನುಷ್ಯರು ಲಕ್ಷ ಎಳೆ ಎಣಿಸಿಕೊಂಡು ಮರೆಯುತ್ತಾರೆಯೇ? ಆದರೆ ಚಕ್ರವೂ ಅಲ್ಲವೆಂದು ಅವಳೇ ಸಹಿ ಹಾಕಿದ್ದಾಳೆ.

ಎಲ್ಲವನ್ನೂ ಮೊದಲಿನಿಂದ ನೋಡೋಣವೆಂದು ಎರಡು ಸುರುಳಿಗಳನ್ನೂ ಒಂದರ ತುದಿಗೊಂದು ಜೋಡಿಸಿ, ಮೊದಲ ಗೀರಿನಿಂದ ಮೂರನೆಯ ಗೀರಿನವರೆಗೆ ಒಂದೇ ಉಸಿರಿಗೆ ಎಣಿಸಿದಳು. ಬಂದದ್ದು 2,14,227. ಆದರೆ ಎರಡು ಅಂತರಗಳನ್ನು ಕೂಡಿದರೆ 2,14,228 ಆಗಬೇಕು. ಒಂದು ಎಳೆ ಕಡಿಮೆ. ಮತ್ತೆ ಎಣಿಸಿದಳು. ಮತ್ತೆ ಒಂದು ಕಡಿಮೆ. ಎಳೆ ಹೋದದ್ದೆಲ್ಲಿಗೆ?

ಸೂಜಿಯನ್ನು ನಡುವಿನ ಗೀರಿನ ಮೇಲಿಟ್ಟುಕೊಂಡಿದ್ದಾಗಲೇ ಅವಳಿಗೆ ಹೊಳೆಯಿತು. ಎಳೆ ಎಲ್ಲಿಗೂ ಹೋಗಿರಲಿಲ್ಲ. ನಡುವಿನ ಗೀರನ್ನು ಎರಡು ಸಲ ಎಣಿಸಿದ್ದಳು, ಮೊದಲ ಅಂತರದ ಕೊನೆಯಾಗಿ ಒಮ್ಮೆ, ಎರಡನೆಯದರ ಆರಂಭವಾಗಿ ಇನ್ನೊಮ್ಮೆ.

ಆ ಕೋಣೆಯ ಪದ್ಧತಿಯೇ ಹಾಗೆ. ಗುರುತಿನಿಂದ ಗುರುತಿಗೆ ಮಾದರಿಯ ತುಂಡು ಕತ್ತರಿಸಿದಾಗ ಎರಡೂ ತುದಿಯ ಎಳೆಗಳು ತುಂಡಿನಲ್ಲೇ ಇರುತ್ತವೆ, ಎರಡನ್ನೂ ಎಣಿಸಬೇಕು. ಕೆಲಸಕ್ಕೆ ಸೇರಿದ ವಾರವೇ ಮೈಕ್ರೋಮೀಟರ್ ಇದನ್ನು ಕಲಿಸಿದ್ದರು. ತುಂಡಿಗೆ ಅದು ಸರಿ. ಆದರೆ ಒಂದು ಗೀರಿನಿಂದ ಹೊರಟು ಮುಂದಿನ ಗೀರು ತಲುಪಲು ಚಕ್ರ ಎಷ್ಟು ಹಲ್ಲು ಸರಿಯಿತು ಎಂಬುದು ಬೇರೆ ಪ್ರಶ್ನೆ. ಹೊರಟ ಎಳೆಯನ್ನು ಅಲ್ಲಿ ಎಣಿಸುವಂತಿಲ್ಲ.

ನಿಜವಾದ ಅಂತರ 1,07,113.

ಈ ಸಲ ಅವಳು ಎರಡು, ಮೂರು, ಏಳು ಎಂದು ಕೆಳಗಿನಿಂದ ಹತ್ತಲಿಲ್ಲ. ನೇರ 43ರಿಂದ ಭಾಗಿಸಿದಳು: 2,491, ಶೇಷವಿಲ್ಲ. ಅದನ್ನು 47ರಿಂದ ಭಾಗಿಸಿದರೆ 53. ಅಲ್ಲಿಗೆ ಮುಗಿಯಿತು. ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ, ಮೂರೂ ಆ ಮಗ್ಗದ ಚಕ್ರಗಳೇ. ಮೊದಲ ಸಂಖ್ಯೆಯನ್ನೇ ಮೂರು ಚಕ್ರಗಳಿಂದ ಭಾಗಿಸಿ ನೋಡಿದ್ದರೆ ಮೂರು ಸಲವೂ ಶೇಷ ಒಂದೇ ಉಳಿದು, ಇಲ್ಲಿ ಒಂದು ಹೆಚ್ಚಾಗಿದೆ ಎಂದು ಕೂಗಿ ಹೇಳುತ್ತಿತ್ತು. ಅವಳು ಕೂದಲು ಸೀಳುತ್ತ ಕೂತು ತಲೆಯನ್ನೇ ನೋಡಿರಲಿಲ್ಲ. ಒಂದು ಸಂಖ್ಯೆಗೂ ಅದರ ಪಕ್ಕದ ಸಂಖ್ಯೆಗೂ ಒಂದನ್ನು ಬಿಟ್ಟು ಬೇರೆ ಯಾವ ಸಾಮಾನ್ಯ ಅಪವರ್ತನವೂ ಇರುವುದಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಯವರು, ಆದರೆ ರಕ್ತಸಂಬಂಧವಿಲ್ಲ. ಒಂದೇ ಒಂದು ಎಳೆ ಜಾರಿದರೂ ಪೂರ್ತಿ ಬೇರೆ ಮನೆಯ ಬಾಗಿಲು ತಟ್ಟಿದಂತೆಯೇ. ಪ್ರಥಮ ವರ್ಷದಲ್ಲೇ ಓದಿದ್ದ ಮಾತು ಇದು.

ಹಾಗಾದರೆ ಮೂರು ಚಕ್ರಗಳಲ್ಲೂ ಒಂದೊಂದು ಹಲ್ಲು ಸ್ವಲ್ಪ ಸವೆದಿರಬೇಕು. ಒಂದೊಂದೇ ಸರದಿಗೆ ಬಂದರೆ ಬಟ್ಟೆಗೆ ತಿಳಿಯುವುದಿಲ್ಲ. ಮೂರೂ ಒಂದೇ ಎಳೆಗೆ ಒಟ್ಟಾಗಿ ಬಂದಾಗ ಮಾತ್ರ ಎಳೆತ ಜಾರುತ್ತದೆ. ಆ ಕೂಟ ಕೂಡುವುದು ಒಂದು ಲಕ್ಷದ ಏಳು ಸಾವಿರದ ನೂರ ಹದಿಮೂರು ಎಳೆಗೊಮ್ಮೆ, ಅಂದರೆ ಸುಮಾರು ಒಂದೂವರೆ ಪಾಳಿಗೊಮ್ಮೆ. ಅದಕ್ಕೇ ಅದು ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ.

ಮೈಕ್ರೋಮೀಟರ್ ಎಲ್ಲವನ್ನೂ ಕೇಳಿಸಿಕೊಂಡರು. ಎರಡೂ ತುದಿ ಸೇರಿಸುವುದು ತಾವು ಬರುವ ಮುಂಚಿನಿಂದ ನಡೆದುಬಂದದ್ದು ಎಂದರು. ಫಿಟ್ಟರ್ ಮೂರೂ ಚಕ್ರಗಳನ್ನು ಅಳೆದಿದ್ದಾನೆ, ಎಲ್ಲ ಹಲ್ಲುಗಳೂ ಮಿತಿಯೊಳಗೇ ಇವೆ ಎಂದರು. ಮೂರು ಕಂಬ ನೆಟ್ಟರೆ ಸಂದು ಎರಡೇ ಎಂದು ಅವಳು ಮೇಜಿನ ಮೇಲೆ ಮೂರು ಸೂಜಿ ಇಟ್ಟು ತೋರಿಸಿದಳು. ಅವರು ಸೂಜಿಗಳನ್ನು ನೋಡಿದರು, ಒಂದು ಸ್ವಲ್ಪ ಓರೆಯಾಗಿತ್ತು, ಅದನ್ನು ನೆಟ್ಟಗೆ ಮಾಡಿದರು. ಆಮೇಲೆ ಕನ್ನಡಕ ತೆಗೆದರು.

“ಲೆಕ್ಕ ಚೆನ್ನಾಗಿದೆ ಕಣಮ್ಮ. ಆದ್ರೆ ಮೊನ್ನೆ ಅಲ್ಲ ಅಂದ್ರಿ, ಇವತ್ತು ಹೌದು ಅಂತಿದ್ದೀರಿ. ನಡುವೆ ಮನೆಗೆ ಹೋಗಿ ಬಂದಿದ್ದೀರಿ. ಜನ ಏನಂತಾರೆ?”

ಅವಳ ಕಿವಿ ಬಿಸಿಯಾಯಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಗಿಹೋದ ಗೀರುಗಳಿಗೆ ಯಾವ ಲೆಕ್ಕವನ್ನು ಬೇಕಾದರೂ ಹೊಲಿಯಬಹುದು. ಅವಳು ಇನ್ನೂ ಬೀಳದ ಗೀರಿನ ಮಾತೆತ್ತಿದಳು. ಮೂರನೆಯದು ಬಿದ್ದದ್ದು ಕೌಂಟರಿನ 2,45,632ರಲ್ಲಿ. ಮುಂದಿನದು 3,52,745ರಲ್ಲಿ ಬೀಳಬೇಕು. ಅದಕ್ಕೆ ಹಿಂದಿನ ಅರ್ಧ ಗಂಟೆ ಅತ್ತಿಗೆ ಮಗ್ಗ ಮುಟ್ಟದಿರಲಿ, ನಿಮಗೆ ನಂಬಿಕೆ ಇರುವವರು ನಡೆಸಲಿ ಎಂದಳು. ಬೀಳದಿದ್ದರೆ, ಎಂದು ಅವರು ಕೇಳಿದರು. ಬೀಳದಿದ್ದರೆ ಹಳೆಯ ವರದಿಯೇ ಇರಲಿ ಎಂದಳು. ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಪಣಕ್ಕಿಟ್ಟದ್ದು ತನ್ನದಲ್ಲ, ಅತ್ತಿಗೆಯದು. ಅವಳನ್ನು ಒಂದು ಮಾತು ಕೇಳಿಯೂ ಇರಲಿಲ್ಲ.

ಮನೆಯಲ್ಲಿ ಹೇಳಿದಾಗ ಅತ್ತಿಗೆ ಸಿಟ್ಟಾಗಲಿಲ್ಲ. ಯಾರು ನಡೆಸುವುದಂತೆ ಎಂದಷ್ಟೇ ಕೇಳಿದಳು. ಜಾಬರ್ ಎಂದಾಗ, ತುಟಿಯಂಚಿನಲ್ಲಿ ಏನೋ ಬಂದು ಹೋಯಿತು.

ಮರುದಿನ ಬೆಳಿಗ್ಗೆ ಕೊನೆಯ ಸಾಲಿನಲ್ಲಿ ಎಲ್ಲರೂ ನಿಂತರು. ಮಗ್ಗದ ಸದ್ದಿನಲ್ಲಿ ಮಾತು ಕೇಳಬೇಕಾದರೆ ಕಿವಿಗೆ ಬಾಯಿ ತರಬೇಕಿತ್ತು. ಜಾಬರ್ ತೋಳು ಮಡಚಿ ಮಗ್ಗ ಹಿಡಿದ. ನೇಯ್ಗೆ ಬಿಟ್ಟು ಉಸ್ತುವಾರಿಗೆ ಏರಿ ಎಷ್ಟೋ ಕಾಲವಾಗಿತ್ತು, ಆದರೂ ನಾಲ್ಕು ಜನರ ಮುಂದೆ ಹಿಡಿಯುವ ಗತ್ತಿತ್ತು. ಅತ್ತಿಗೆ ಎರಡು ಹೆಜ್ಜೆ ಹಿಂದೆ ಕೈಕಟ್ಟಿ ನಿಂತಳು. ಕಟ್ಟಿದ ಕೈಯೊಳಗೆ ಅವಳ ಬೆರಳುಗಳು ಮಾತ್ರ ಲಾಳಿಯ ತಾಳಕ್ಕೆ ಅಲುಗುತ್ತಿದ್ದವು. ಪುಟ್ಟಿಯ ಕಣ್ಣು ಕೌಂಟರಿನ ಮೇಲಿತ್ತು. ಒಂದೊಂದು ಅಂಕಿ ಉರುಳಿದಾಗಲೂ ಮನಸ್ಸು ಏನೋ ಹೊಸ ಅನುಮಾನ ತರುತ್ತಿತ್ತು. ನಡುವೆ ಯಾರಾದರೂ ಚಕ್ರ ಬಿಚ್ಚಿ ಜೋಡಿಸಿದ್ದರೆ? ಫಿಟ್ಟರ್ ಅಳೆದದ್ದು ಯಾವಾಗ, ಮೂರನೆಯ ಗೀರಿಗೆ ಮುಂಚೆಯೋ ಆಮೇಲೋ? ಒಂದು ಹಲ್ಲು ಆಚೀಚೆ ಕೂತರೂ ಆ ಮೂರು ಹಲ್ಲುಗಳು ಭೇಟಿಯಾಗುವುದು ತಪ್ಪುವುದಿಲ್ಲ. ಹಲ್ಲಿನ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನವಿಲ್ಲದ್ದರಿಂದ ಯಾವತ್ತಾದರೂ ಕೂಡಿಯೇ ಕೂಡುತ್ತವೆ. ಆದರೆ ಇವತ್ತು ಇಲ್ಲಿ ಕೂಡುವುದಿಲ್ಲ.

ಕೌಂಟರ್ 3,51,300 ದಾಟಿದ ಹಾಗೆ ಕಂಡಿಕೆ ಮುಗಿಯಿತು. ಜಾಬರ್ ಮಗ್ಗ ನಿಲ್ಲಿಸಿ, ಹೊಸ ಕಂಡಿಕೆ ಹಾಕಿ, ಠೀವಿಯಿಂದ ಮಗ್ಗದ ಹಿಡಿ ಎಳೆದ. ಕೆಲವು ಬೆರಳಗಲ ಬಟ್ಟೆ ಮುಂದೆ ಬಂದಾಗ ಅಡ್ಡಲಾಗಿ ಒಂದು ಗೀರು ಕಾಣಿಸಿತು.

ಮೈಕ್ರೋಮೀಟರ್ ಬಾಗಿ ನೋಡಿ ಪುಟ್ಟಿಯ ಕಿವಿಯ ಹತ್ತಿರ ಬಂದರು. “ಬಂತಲ್ಲಮ್ಮ. ನೀವು ಹೇಳಿದ್ದು ಇಲ್ಲಲ್ಲ.”

ಪುಟ್ಟಿ ಕೌಂಟರಿನ ಅಂಕಿಯನ್ನು ಮತ್ತೊಮ್ಮೆ ಓದಿದಳು. ಅಷ್ಟರಲ್ಲಿ ಅತ್ತಿಗೆ ಮುಂದೆ ಬಂದು, ಮಗ್ಗವನ್ನು ಮುಟ್ಟದೆ, ಗೀರಿನತ್ತ ಬೆರಳು ತೋರಿಸಿ ಸದ್ದಿನ ಮೇಲೆ ದನಿ ಎತ್ತಿದಳು.

“ಅದು ಚಕ್ರದ್ದಲ್ಲ, ಜಾಬರಣ್ಣಂದು. ಬಟ್ಟೆ ಹಿಂದಕ್ಕೆ ಬಿಡಲೇ ಇಲ್ಲ.”

ಜಾಬರ್ ಕೇಳಿಸದವನಂತೆ ಎಣ್ಣೆಯ ಡಬ್ಬಿಯನ್ನು ಅಲ್ಲಿಂದ ಇಲ್ಲಿಗೆ ಇಟ್ಟ. ಅವನ ಕುತ್ತಿಗೆ ಕೆಂಪೇರಿತ್ತು. ಪುಟ್ಟಿ ಭೂತಗನ್ನಡಿಯನ್ನು ಮುಖ್ಯಸ್ಥರ ಕೈಗೆ ಕೊಟ್ಟು, ನೋಡಿ ನೆನಪಿಟ್ಟುಕೊಳ್ಳಿ ಎಂದಳು. ಅಲ್ಲಿ ಐದಾರು ಎಳೆಗಳು ಒತ್ತೊತ್ತಾಗಿ ಬಂದು ಮೆಲ್ಲಗೆ ಸಡಿಲವಾಗಿದ್ದವು. ಒಂದರ ಮೇಲೊಂದು ಹತ್ತಿ ಕೂತಿರಲಿಲ್ಲ.

ಮುಂದಿನ ಕಂಡಿಕೆಗೆ ಜಾಬರ್ ಬಟ್ಟೆಯನ್ನು ಹಿಂದಕ್ಕೆ ಬಿಟ್ಟ, ಅದೂ ಸ್ವಲ್ಪ ಹೆಚ್ಚೇ ಬಿಟ್ಟ. ಅತ್ತಿಗೆ ಕಣ್ಣು ಮುಚ್ಚಿಕೊಂಡಳು. 3,52,600. ಅದಾದ ಮೇಲೆ ಯಾರೂ ಮಗ್ಗ ಮುಟ್ಟಲಿಲ್ಲ. 3,52,700. ಮೈಕ್ರೋಮೀಟರ್ ಒಂದು ಕಣ್ಣು ಮುಚ್ಚಿದರು. ಕೊನೆಯ ಎರಡು ಅಂಕಿಗಳು ಓದಲಾಗದಷ್ಟು ಬೇಗ ಉರುಳಿದವು. ಪುಟ್ಟಿ ಕೌಂಟರ್ ಬಿಟ್ಟು ನೇಯ್ಗೆಯ ಅಂಚನ್ನೇ ನೋಡಿದಳು. ಮಗ್ಗ ತಡೆಯಲಿಲ್ಲ, ತಾಳ ತಪ್ಪಲಿಲ್ಲ, ಏನೂ ಆದಂತೆ ಕಾಣಲಿಲ್ಲ. ಬಟ್ಟೆ ಒಂದು ಬೆರಳಿನಷ್ಟು ಮುಂದೆ ಬಂತು, ಇನ್ನೊಂದು ಬೆರಳಿನಷ್ಟು. ಆಗ ಅಲ್ಲಿ ಕೂದಲೆಳೆಯಂಥ ಗೆರೆ ಕಂಡಿತು.

ಮಗ್ಗ ನಿಲ್ಲಿಸಿ, ಹಿಂದಿನ ನೀಲಿ ಚುಕ್ಕಿಯಿಂದ ಮುಖ್ಯಸ್ಥರೇ ಸೂಜಿ ಹಿಡಿದು ಎಣಿಸಿದರು. ಅರ್ಧದಲ್ಲಿ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಆಮೇಲೆ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಎರಡು ಎಳೆ, ಒಂದರ ಬೆನ್ನ ಮೇಲೊಂದು. ಚುಕ್ಕಿಯಿಂದ ಏಳುನೂರ ನಲವತ್ತೈದು. ಚುಕ್ಕಿಯ ಎಳೆಯನ್ನು ಸೇರಿಸಿಲ್ಲ ಎಂದು ಅವರೇ ಹೇಳಿದರು.

ಹೊಸ ಚಕ್ರ ಮಾಡಿಸಿ ತರಿಸಲು ವಾರಗಳು ಬೇಕು ಎಂದಾಯಿತು. ಅಲ್ಲಿಯವರೆಗೆ ಏನು ಮಾಡುವುದು ಎಂದು ಜಾಬರ್ ಕೇಳಿದ. ಗೀರು ಎಲ್ಲಿ ಬೀಳುತ್ತದೆಂದು ಗೊತ್ತಿದೆಯಲ್ಲ, ಸುರುಳಿಯನ್ನು ಅಲ್ಲಿಗೇ ಕತ್ತರಿಸಿದರೆ ಬಟ್ಟೆ ಹಾಳಾಗದು ಎಂದಳು ಪುಟ್ಟಿ. ಶೆಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ. ತಪ್ಪಾಯಿತು ಎಂದೂ ಯಾರೂ ಹೇಳಲಿಲ್ಲ. ಜನ ಚದುರಿದರು.

ಅತ್ತಿಗೆ ಬಂದು ತನ್ನ ಜಾಗದಲ್ಲಿ ನಿಂತಳು. ಜಾಬರ್ ಹೆಚ್ಚಾಗಿ ಬಿಟ್ಟಿದ್ದ ಜಾಗವನ್ನು ಉಗುರಿನಿಂದ ಸವರಿ ನಿಟ್ಟುಸಿರಿಟ್ಟಳು. ಪುಟ್ಟಿ ಇನ್ನೂ ಅಲ್ಲೇ ಇದ್ದಳು. ಕೊನೆಗೆ, “ಹೊಸ ವರದಿ ಇವತ್ತೇ ಬರೀತೀನಿ ಅತ್ತಿಗೆ,” ಎಂದಳು.

“ಹಳೇದರಲ್ಲಿ ತಪ್ಪಿತ್ತು ಅಂತಾನೂ ಬರೀ. ಯಾರದು ಅಂತಾನೂ.”

“ಬರೀತೀನಿ.”

“ಮುಂದಿನದು ಎಷ್ಟರಲ್ಲಿ?”

“ನಾಲ್ಕು ಲಕ್ಷದ ಐವತ್ತೊಂಬತ್ತು ಸಾವಿರದ ಎಂಟುನೂರ ಐವತ್ತೆಂಟು.”

ಅತ್ತಿಗೆ ಅದನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡಳು. ಬಟ್ಟೆಯನ್ನು ಒಂದೆಳೆಯಷ್ಟು ಹಿಂದಕ್ಕೆ ಬಿಟ್ಟು ಹಿಡಿ ಎಳೆದಳು. ಸದ್ದು ತುಂಬಿಕೊಂಡಿತು. ಅವಳು ಇನ್ನೇನೋ ಹೇಳಿದಳು, ಪುಟ್ಟಿಗೆ ಕೇಳಿಸಲಿಲ್ಲ. ಕೇಳಲು ಹತ್ತಿರ ಹೋದಳು.